ಬಸ್ ದರಪಟ್ಟಿಯ ಬೆನ್ನುಹತ್ತಿ: ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಬಸ್ ದರದ ಉಸಾಬರಿ ಅಂಟಿಕೊಂಡದ್ದು ಒಬ್ಬ ಅಜ್ಜಿಯಿಂದ. ಪಿಂಚಣಿಯ ಕಾಗದಕ್ಕೆ ಝೆರಾಕ್ಸ್ ಮಾಡಿಸಲು ಬಂದಿದ್ದ ಅವರು, ತಾವು ಕೈಮರದ ಬಳಿ ಹತ್ತಿದರೂ ಹಿಂದಿನ ಊರಿನಿಂದ ಬಂದವರಷ್ಟೇ ದುಡ್ಡನ್ನು ಕಂಡಕ್ಟರ್ ತೆಗೆದುಕೊಂಡನೆಂದು ದೂರಿ, ಟಿಕೆಟನ್ನು ಗಾಜಿನ ಮೇಲೆ ಇಟ್ಟರು. "ಕಂಪ್ಯೂಟರಲ್ಲಿ ನೋಡಿ ಹೇಳು ಮಾರಾಯ, ಸರಿಯಾದ ರೇಟು ಎಷ್ಟು?" ಎಂದರು. ಹುಡುಕಿದೆ, ಎಲ್ಲಿಯೂ ಇರಲಿಲ್ಲ. ಸರ್ಕಾರಿ ಬಸ್ಸಿನ ದರವಾದರೂ ದೊಡ್ಡ ಊರುಗಳ ಮಟ್ಟಿಗೆ ಮುಂಗಡ ಬುಕಿಂಗ್ ಜಾಲತಾಣದಲ್ಲಿ ಸಿಗುತ್ತದೆ, ಆದರೆ ಖಾಸಗಿ ಬಸ್ಸುಗಳನ್ನೇ ನಂಬಿಕೊಂಡಿರುವ ನಮ್ಮ ಒಳದಾರಿಗಳ ದರ ಕಂಡಕ್ಟರ್ ಕೈಯಲ್ಲಿನ ಟಿಕೆಟ್ ಮೆಷಿನ್ನಿನೊಳಗೆ ಮಾತ್ರ ಇತ್ತು.

ಅದು ಗುಟ್ಟಾಗಿರಬೇಕಾದ ಸಂಗತಿಯೇನಲ್ಲ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಒಪ್ಪಿದ ದರಪಟ್ಟಿಯನ್ನು ಬಸ್ಸಿನಲ್ಲಿಯೂ ಗೊತ್ತುಪಡಿಸಿದ ನಿಲ್ದಾಣಗಳಲ್ಲಿಯೂ ಪ್ರದರ್ಶಿಸಬೇಕೆಂಬ ಷರತ್ತನ್ನು ಪರ್ಮಿಟ್ಟಿಗೆ ಸೇರಿಸಲು ಮೋಟಾರು ವಾಹನಗಳ ಕಾಯ್ದೆ, 1988ರ 72ನೆಯ ಸೆಕ್ಷನ್ನಿನಲ್ಲಿಯೇ ಅವಕಾಶವಿದೆ. ಆದ್ದರಿಂದ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆ. ಮೊದಲ ಅರ್ಜಿ ತಿರಸ್ಕೃತವಾಯಿತು, ತಪ್ಪು ನನ್ನದೇ: ದರ, ವೇಳಾಪಟ್ಟಿ, ಪರ್ಮಿಟ್ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಎರಡು ಪುಟ ಬರೆದಿದ್ದೆ, ಆದರೆ ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದ ಮೀರಬಾರದು. ಎರಡನೆಯ ಸಲ ಒಂದೇ ದಾರಿಯ ಹಂತಗಳ (ಎಂದರೆ ದರವನ್ನು ಲೆಕ್ಕಹಾಕುವ ಸ್ಟೇಜುಗಳ) ಪಟ್ಟಿಯನ್ನೂ ಅದಕ್ಕೆ ಒಪ್ಪಿಗೆಯಾದ ದರಪಟ್ಟಿಯನ್ನೂ ಕೇಳಿದೆ. ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಸಲ್ಲಿಸಿದ ಮೇಲೆ, ಪುಟಕ್ಕೆ ಎರಡು ರೂಪಾಯಿ ಕಟ್ಟಿಸಿಕೊಂಡು ಕಾಗದ ಕೊಟ್ಟರು.

ಬಂದದ್ದು ಝೆರಾಕ್ಸಿನ ಝೆರಾಕ್ಸು. ಬಸ್ ದರಪಟ್ಟಿಯನ್ನು ನೋಡಿಲ್ಲದವರಿಗಾಗಿ ಹೇಳುವುದಾದರೆ, ಅದು ಮೆಟ್ಟಿಲಿನಂತೆ ಇಳಿಯುವ ತ್ರಿಕೋನ. ಹಂತಗಳ ಹೆಸರುಗಳು ಓರೆಯಲ್ಲಿ ಇಳಿಯುತ್ತವೆ, ಹತ್ತುವ ಹಂತದ ಸಾಲನ್ನೂ ಇಳಿಯುವ ಹಂತದ ಕಂಬಸಾಲನ್ನೂ ಬೆರಳಿನಲ್ಲಿ ಹಿಡಿದು ಬಂದರೆ ಎರಡೂ ಕೂಡುವ ಮನೆಯಲ್ಲಿ ದರ ಇರುತ್ತದೆ. ನನ್ನ ದಾರಿಯಲ್ಲಿ 14 ಹಂತಗಳಿದ್ದವು, ಎಂದರೆ 91 ಮನೆಗಳು. ಟೈಪು ಮಾಡುವುದು ಒಂದು ಸಂಜೆಯ ಕೆಲಸ. ಅದನ್ನು ನಂಬುವುದಕ್ಕೆ ಒಂದು ವಾರ ಹಿಡಿಯಿತು. ಮಸುಕಾದ ಕಾಗದದಲ್ಲಿ 3 ಯಾವುದು, 8 ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ದೂರ ಹೋದಂತೆ ದರ ಇಳಿಯಲಾರದು ಎಂಬ ಒಂದೇ ಸೂತ್ರವನ್ನು ಸ್ಪ್ರೆಡ್‌ಶೀಟಿಗೆ ಕೊಟ್ಟಾಗ ಐದು ಮನೆಗಳು ಕೆಂಪಾದವು, ಅವಷ್ಟನ್ನೂ ಬಸ್ಸು ಹತ್ತಿ ಟಿಕೆಟ್ ಕೊಂಡು ಸರಿಪಡಿಸಿದೆ.

ಆಮೇಲೆ ಅದನ್ನು, ಸಾರಿಗೆಯ ಮಾಹಿತಿಯನ್ನು ಕಂಪ್ಯೂಟರ್ ಓದುವಂತೆ ಬರೆದಿಡುವ ಜಿಟಿಎಫ್‌ಎಸ್ ಎಂಬ ಮಾದರಿಗೆ ಇಳಿಸಿದೆ. ಅಮೆರಿಕದ ಪೋರ್ಟ್‌ಲ್ಯಾಂಡಿನ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಕೂಡಿ ರೂಪಿಸಿದ ಈ ಮಾದರಿಯಲ್ಲಿ ದೆಹಲಿಯ ಬಸ್ಸುಗಳ ಮತ್ತು ಕೊಚ್ಚಿ ಮೆಟ್ರೋದ ಮಾಹಿತಿ ಮುಕ್ತವಾಗಿ ಸಿಗುತ್ತದೆ. ಹೆಸರು ದೊಡ್ಡದಾದರೂ ಒಳಗಿರುವುದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯದ ಕಡತಗಳಷ್ಟೆ. ಒಂದರಲ್ಲಿ ನಿಲ್ದಾಣಗಳೂ ಅವುಗಳ ವಲಯಗಳೂ, ಇನ್ನೊಂದರಲ್ಲಿ ಬೆಲೆಗಳೂ, ಮತ್ತೊಂದರಲ್ಲಿ ಯಾವ ವಲಯದಿಂದ ಯಾವ ವಲಯಕ್ಕೆ ಯಾವ ಬೆಲೆ ಎಂಬ ನಿಯಮವೂ ಇರುತ್ತವೆ. ಹಂತವೇ ವಲಯ ಎಂದುಕೊಂಡು ಧೈರ್ಯವಾಗಿ ಹೊರಟ ನಾನು ಅಜ್ಜಿಯ ಕೈಮರದಲ್ಲಿ ಸಿಕ್ಕಿಹಾಕಿಕೊಂಡೆ.

ಆ ಕೈಮರ ಹಂತವಲ್ಲ. ಎರಡು ಹಂತಗಳ ನಡುವೆ ಬಸ್ಸು ನಿಲ್ಲುವ ಜಾಗ. ಅಲ್ಲಿ ಹತ್ತಿದವರಿಗೆ ಹಿಂದೆ ಬಿಟ್ಟುಬಂದ ಹಂತದಿಂದ ಲೆಕ್ಕ, ಅಲ್ಲಿ ಇಳಿಯುವವರಿಗೆ ಮುಂದೆ ಬರಲಿರುವ ಹಂತದವರೆಗೆ ಲೆಕ್ಕ. ಆದರೆ ಈ ಮಾದರಿಯಲ್ಲಿ ಒಂದು ನಿಲ್ದಾಣಕ್ಕೆ ಒಂದೇ ವಲಯವನ್ನು ಕೊಡಬಹುದು. ಹಿಂದಿನ ಹಂತಕ್ಕೆ ಸೇರಿಸಿದರೆ ಇಳಿಯುವವರ ದರ ತಪ್ಪುತ್ತದೆ, ಮುಂದಿನದಕ್ಕೆ ಸೇರಿಸಿದರೆ ಹತ್ತುವವರದು. ಮೂರು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೆದದ್ದು, ಇಂಥ ಪ್ರತಿಯೊಂದು ನಡುನಿಲ್ದಾಣವನ್ನೂ ಸ್ವತಂತ್ರ ವಲಯವೆಂದೇ ಎಣಿಸಿ, ದರವನ್ನು ಮಾತ್ರ ಮೂಲಪಟ್ಟಿಯಿಂದ ತುಂಬಬಹುದೆಂಬ ಉಪಾಯ. 14 ಹಂತಗಳ ಜೊತೆಗೆ 17 ನಡುನಿಲ್ದಾಣಗಳು ಸೇರಿ ವಲಯಗಳು 31 ಆದವು, ಹೋಗುವ ಬರುವ ಎರಡೂ ದಿಕ್ಕುಗಳಿಗೆ ನಿಯಮಗಳು 930. ಅಷ್ಟನ್ನೂ ಕೈಯಿಂದ ಬರೆಯಬೇಕಾಗಿಲ್ಲ, ಸ್ಪ್ರೆಡ್‌ಶೀಟ್ ಬರೆಯುತ್ತದೆ.

ಊರಿನ ಹೆಸರುಗಳದು ಬೇರೆಯೇ ಪಾಡು. ಒಂದೇ ಸಕ್ರೆಬೈಲಿಗೆ ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತ ಸಿಕ್ಕಿತು. 2014ರ ನವೆಂಬರ್ 1ರಿಂದ ಶಿವಮೊಗ್ಗವಾದ ಊರು ಪಟ್ಟಿಯಲ್ಲಿ ಇನ್ನೂ ಶಿಮೊಗ್ಗವಾಗಿಯೇ ಇತ್ತು. ನಾನು ಕನ್ನಡದ ಹೆಸರನ್ನೇ ಮೂಲವಾಗಿ ಇಟ್ಟುಕೊಂಡೆ.

ಕಡತವನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಹಾಕಿದ್ದೇನೆ, ಆದರೆ ನಮ್ಮ ಜನರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಕಡತದಿಂದ ತೆಗೆದು ತಂಗುದಾಣಗಳ ಪಕ್ಕದ ಅಂಗಡಿಗಳಲ್ಲಿ ಅಂಟಿಸಿದ ಒಂದು ಪುಟದ ಕನ್ನಡ ಪಟ್ಟಿ. ಅದರ ನೆತ್ತಿಯ ಮೇಲೆ ಎರಡು ಸಂಗತಿಗಳನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಒಂದು, ಈ ದರ ಎಂದಿನಿಂದ ಜಾರಿಯಲ್ಲಿದೆ ಎಂಬುದು. ಹೋಲಿಕೆಗೆಂದು ನಾನು ಪಕ್ಕದಲ್ಲಿ ಕೊಟ್ಟಿದ್ದ ಸರ್ಕಾರಿ ಬಸ್ಸಿನ ದರಗಳೆಲ್ಲವೂ 2025ರ ಜನವರಿ 5ರಂದು ಶೇಕಡಾ 15ರ ಏರಿಕೆ ಬಂದಾಗ ಒಂದೇ ರಾತ್ರಿಯಲ್ಲಿ ಹಳತಾದವು. ಇನ್ನೊಂದು, ಪಟ್ಟಿ ಖಾಸಗಿ ಬಸ್ಸಿನದು ಎಂಬುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಖಾಸಗಿ ಬಸ್ಸಿಗಿಲ್ಲವಾದ್ದರಿಂದ, ದರ ತಿಳಿಯಬೇಕಾದ ತುರ್ತು ಇಲ್ಲಿ ಹೆಂಗಸರಿಗೇ ಹೆಚ್ಚು.

ಅಜ್ಜಿ ಮತ್ತೆ ಅಂಗಡಿಗೆ ಬಂದಾಗ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಕಂಡಕ್ಟರ್ ತೆಗೆದುಕೊಂಡ ದುಡ್ಡು ಸರಿಯಾಗಿಯೇ ಇತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕೈಮರವನ್ನೇ ಒಂದು ಸ್ಟೇಜು ಮಾಡಿ ಅಂತ ಯಾರನ್ನು ಕೇಳಬೇಕು?" ಎಂದರು. ಆ ಅರ್ಜಿ ಈಗ ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ಝೆರಾಕ್ಸಿಗೆ ಬಂದವರು ಸಹಿ ಹಾಕಿ ಹೋಗುತ್ತಿದ್ದಾರೆ.