ಹನ್ನೊಂದು ಜನ, ನಿಧಾನದ ರೈಲು, ಒಂದು ಕುಕ್ಕರ್: ಜರ್ಮನಿಯಲ್ಲಿ ನಮ್ಮ ಎಕ್ಸ್‌ಚೇಂಜ್ ಗುಂಪಿನ ಸುತ್ತಾಟ

ಹೊರಡೋ ಮುಂಚೆ ಸೀನಿಯರ್‌ಗಳೆಲ್ಲ ಹೇಳಿದ್ದು ಒಂದೇ ಮಾತು. "ಅಷ್ಟು ಜನ ಗುಂಪು ಕಟ್ಟಿಕೊಂಡು ಸುತ್ತೋಕೆ ಆಗಲ್ಲ. ಎರಡನೇ ಟ್ರಿಪ್‌ಗೇ ಜಗಳ ಆಗುತ್ತೆ. ಸುಮ್ನೆ ಇಬ್ಬಿಬ್ಬರು ಐಸಿಇ (ಅಲ್ಲಿನ ವೇಗದ ರೈಲು) ಬುಕ್ ಮಾಡ್ಕೊಂಡು ಹೋಗಿ." 2024ರ ಸಮ್ಮರ್ ಸೆಮಿಸ್ಟರ್ ಮುಗಿದಾಗ ನಾವು ಹನ್ನೊಂದೂ ಜನ ಒಟ್ಟಿಗೇ ಇದ್ದೆವು. ತೆಂಕಲಲ್ಲಿ ಕಾನ್‌ಸ್ಟಾನ್ಸ್‌ನಿಂದ ಬಡಗಲಲ್ಲಿ ಹ್ಯಾಂಬರ್ಗ್ ತನಕ ನೋಡಿ ಮುಗಿಸಿದ್ದೆವು. ಈಗ ಅದೇ ಸೀನಿಯರ್‌ಗಳು ಮುಂದಿನ ಬ್ಯಾಚ್‌ಗೆ ನಮ್ಮ ನಂಬರ್ ಕೊಟ್ಟು ಕಳಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳೋ ಬದಲು ಬರೆದೇ ಬಿಡೋಣ ಅನ್ನಿಸಿತು.

ವೀಸಾ, ಬ್ಲಾಕ್ಡ್ ಅಕೌಂಟ್ (ವೀಸಾಕ್ಕೆ ಮೊದಲೇ ದುಡ್ಡು ಇಡೋ ಖಾತೆ), ಆನ್‌ಮೆಲ್ಡುಂಗ್ (ಅಲ್ಲಿ ವಿಳಾಸ ನೋಂದಾಯಿಸೋದು) ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನಾವಿದ್ದದ್ದು ಸ್ಟುಟ್‌ಗಾರ್ಟ್‌ನಲ್ಲಿ. ಆರು ಜನ ನಮ್ಮ ಕಾಲೇಜಿನವರು, ಹುಬ್ಬಳ್ಳಿ, ದಾವಣಗೆರೆ, ಮೈಸೂರು ಕಡೆಯವರು. ಉಳಿದವರು ಪುಣೆ, ಇಂಡೋನೇಷ್ಯಾ, ಬ್ರೆಜಿಲ್‌ನವರು. ಎಲ್ಲರ ಹತ್ತಿರವೂ ಡಾಯ್ಚ್‌ಲಾಂಡ್ ಟಿಕೆಟ್ ಇತ್ತು, ದೇಶದ ತುಂಬ ಓಡಾಡೋ ತಿಂಗಳ ಪಾಸ್. ಆಗ ಅದಕ್ಕೆ ತಿಂಗಳಿಗೆ 49 ಯೂರೋ, ನಮ್ಮ ದುಡ್ಡಲ್ಲಿ ನಾಲ್ಕೂವರೆ ಸಾವಿರ ಅಂದುಕೊಳ್ಳಿ. ಐಸಿಇ ಹತ್ತೋ ಹಾಗಿಲ್ಲ, ಬರೀ ರೀಜನಲ್ ಟ್ರೈನ್. ಬಹಳ ಜನ ಅದನ್ನು ಊರೊಳಗೆ ಓಡಾಡೋಕೆ ಇಟ್ಟುಕೊಂಡು, ದೂರದ ಊರಿಗೆ ಬೇರೆ ಟಿಕೆಟ್ ತಗೊಳ್ಳುತ್ತಾರೆ. ದುಡ್ಡು ಹೋಗೋದೇ ಅಲ್ಲಿ. ನಾವು ಹಟ ಹಿಡಿದು ಎಲ್ಲವನ್ನೂ ಅದರಲ್ಲೇ ಮಾಡಿದೆವು.

ಮೊದಲ ಟ್ರಿಪ್ ಪೂರ್ತಿ ಕೆಟ್ಟಿತು. ಮ್ಯೂನಿಕ್ ದಾಟಿ ಟೇಗರ್ನ್‌ಸೇ ಕೆರೆಗೆ ಹೊರಟಿದ್ದೆವು. ಆ ದಾರಿಯ ರೈಲು ಹೋಲ್ಟ್‌ಸ್‌ಕಿರ್ಖೆನ್‌ನಲ್ಲಿ ಒಡೆಯುತ್ತೆ. ಕೆಲವು ಡಬ್ಬಿ ಒಂದು ಕಡೆಗೆ, ಉಳಿದವು ಇನ್ನೊಂದು ಕಡೆಗೆ. ಯಾವ ಡಬ್ಬಿ ಎಲ್ಲಿಗೆ ಅಂತ ಬೋರ್ಡಲ್ಲಿ ಬರುತ್ತೆ, ಅನೌನ್ಸ್ ಕೂಡ ಮಾಡುತ್ತಾರೆ. ಆದರೆ ನಮ್ಮವರು ನಾಲ್ಕು ಜನ ಸೀಟ್ ಇಲ್ಲ ಅಂತ ಬೇರೆ ಡಬ್ಬಿಗೆ ಹೋಗಿ ಕೂತಿದ್ದರು. ಅವರು ಹೋಗಿ ಇಳಿದದ್ದು ಶ್ಲೀರ್‌ಸೇಯಲ್ಲಿ. ಊಟದ ಬ್ಯಾಗ್ ಅವರ ಹತ್ತಿರ, ಎಲ್ಲರ ನಗದು ನಮ್ಮ ಹತ್ತಿರ. ಅವರಿಗೆ ವಾಪಸ್ ರೈಲು ಸಿಗೋದು ಒಂದು ಗಂಟೆ ಆದಮೇಲೆ. ನಾವು ಏಳು ಜನ ಹೋಟೆಲ್‌ನಲ್ಲಿ ತಿಂದ ಬಿಲ್ಲೇ ನೂರು ಯೂರೋ ದಾಟಿತು. ಅವತ್ತು ರಾತ್ರಿ ಗುಂಪು ಒಡೆದೇ ಹೋಗುತ್ತೆ ಅನ್ನೋ ಹಂತಕ್ಕೆ ಬಂದಿತ್ತು.

ಒಡೆಯಲಿಲ್ಲ, ಯಾಕೆಂದರೆ ಮಾರನೇ ದಿನ ಕೂತು ಗುಂಪನ್ನೇ ಬೇರೆ ಥರ ಕಟ್ಟಿದೆವು. ಮೂರು ಮೂರು ಜನರ ತಂಡ, ಕೊನೇದು ಇಬ್ಬರದ್ದು. ಪ್ರತಿ ತಂಡದ ಹತ್ತಿರ ಅವರದ್ದೇ ಒಂದು ಹೊತ್ತಿನ ಬುತ್ತಿ, ಒಂದಿಷ್ಟು ನಗದು, ದಾರಿಯ ಸ್ಕ್ರೀನ್‌ಶಾಟ್ ಇರಲೇಬೇಕು. ಯಾರಾದರೂ ತಪ್ಪಿಸಿಕೊಂಡರೆ ಹುಡುಕೋ ಹಾಗಿಲ್ಲ. ಕೊನೇ ಸಲ ಎಲ್ಲರೂ ಒಟ್ಟಿಗೆ ರೈಲು ಬದಲಾಯಿಸಿದ ಸ್ಟೇಷನ್‌ಗೆ ಅವರು ವಾಪಸ್ ಬರಬೇಕು. ನಾವು ಮುಂದೆ ಹೋಗುತ್ತೇವೆ, ಒಂದು ತಂಡ ಮಾತ್ರ ಅಲ್ಲಿ ಕಾಯುತ್ತೆ. ಕೇಳೋಕೆ ಕಲ್ಲು ಮನಸ್ಸು ಅನ್ನಿಸಬಹುದು. ಆದರೆ ಈ ನಿಯಮ ಬಂದ ಮೇಲೆ ಯಾರಿಗೂ ಗಾಬರಿ ಆಗಲಿಲ್ಲ, ಯಾವ ಟ್ರಿಪ್ಪೂ ನಿಲ್ಲಲಿಲ್ಲ.

ಇನ್ನೊಂದು, ರೈಲು ಬದಲಾಯಿಸೋಕೆ ಹದಿನೈದು ನಿಮಿಷಕ್ಕಿಂತ ಕಡಿಮೆ ಇರೋ ದಾರಿಯನ್ನೇ ಹಿಡಿಯುತ್ತಿರಲಿಲ್ಲ. ಆ್ಯಪ್ ಆರು ನಿಮಿಷ ಸಾಕು ಅನ್ನುತ್ತೆ. ಒಬ್ಬರಿಗೆ ಸಾಕು. ಹನ್ನೊಂದು ಜನ, ಹನ್ನೊಂದು ಬ್ಯಾಗ್, ಮಧ್ಯೆ ಕೆಟ್ಟು ನಿಂತ ಲಿಫ್ಟ್ ಇದ್ದರೆ ಸಾಕಾಗಲ್ಲ.

ಹ್ಯಾಂಬರ್ಗ್‌ಗೆ ಹೊರಟಾಗ ಎಲ್ಲರೂ ತಲೆ ಚಚ್ಚಿಕೊಂಡರು. ಐಸಿಇಯಲ್ಲಿ ಐದೂವರೆ ಗಂಟೆ ಇರಬೇಕು, ನಮಗೆ ಹನ್ನೊಂದು ಗಂಟೆ ಮೇಲೇ ಹಿಡಿಯಿತು. ವ್ಯೂರ್ಟ್ಸ್‌ಬುರ್ಗ್, ಎರ್‌ಫರ್ಟ್, ಗ್ಯೋಟಿಂಗನ್, ಊಲ್ಟ್ಸನ್ ಹೀಗೆ ಹೋದೆವು. ಎರ್‌ಫರ್ಟ್‌ನಲ್ಲಿ ಬೇಕೆಂದೇ ಎರಡು ಗಂಟೆ ಇಟ್ಟುಕೊಂಡು ಊರು ನೋಡಿದೆವು. ಊಲ್ಟ್ಸನ್ ಸ್ಟೇಷನ್ ಅಂತೂ ನೋಡಲೇಬೇಕು. ಹಳೇ ಕಟ್ಟಡವನ್ನು ಹುಂಡರ್ಟ್‌ವಾಸರ್ ಅನ್ನೋ ಕಲಾವಿದನ ವಿನ್ಯಾಸದಂತೆ 2000ನೇ ಇಸವಿಗೆ ಹೊಸದು ಮಾಡಿದ್ದು. ಬಣ್ಣಬಣ್ಣದ ಸೆರಾಮಿಕ್ ಕಂಬಗಳು, ಉಬ್ಬುತಗ್ಗಿನ ನೆಲ. ಐಸಿಇ ಹಿಡಿದಿದ್ದರೆ ಇದು ಕಣ್ಣಿಗೂ ಬೀಳುತ್ತಿರಲಿಲ್ಲ. ಹ್ಯಾಂಬರ್ಗ್‌ನಲ್ಲಿ ಎಲ್ಬೆ ನದಿಯ 62ನೇ ನಂಬರ್ ದೋಣಿಗೂ ಅದೇ ಟಿಕೆಟ್ ನಡೆಯುತ್ತೆ. ಟೂರಿಸ್ಟ್ ದೋಣಿಗೆ ಜನ ಇಪ್ಪತ್ತು ಯೂರೋ ಕೊಡುತ್ತಿದ್ದರು. ನಾವು ಲಾಂಡುಂಗ್ಸ್‌ಬ್ರ್ಯೂಕನ್‌ನಲ್ಲಿ ಹತ್ತಿ, ಫಿಂಕನ್‌ವೆರ್ಡರ್ ತನಕ ಬಂದರು ನೋಡುತ್ತಾ ಮೇಲಿನ ಡೆಕ್‌ನಲ್ಲಿ ಕೂತಿದ್ದೆವು.

ಈಗ ಊಟದ ವಿಷಯ. ಉಳಿತಾಯದ ಅರ್ಧ ಇಲ್ಲೇ ಇದೆ. ದಾವಣಗೆರೆ ಹುಡುಗಿ ತಂದಿದ್ದ ಮೂರು ಲೀಟರ್ ಸ್ಟೀಲ್ ಕುಕ್ಕರ್ ಇಡೀ ಸೆಮಿಸ್ಟರ್ ನಮ್ಮ ಜೊತೆ ತಿರುಗಿತು. ಇನ್ನೊಬ್ಬರು ತಂದ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆ ಮೇಲೆ ಬಿಸಿಯೇ ಆಗಲಿಲ್ಲ. ಬರುವಾಗ ತಳ ನೋಡಿ ತನ್ನಿ. ಗೆಸ್ಟ್ ಕಿಚನ್ ಇರೋ ಹಾಸ್ಟೆಲ್ ಮಾತ್ರ ಬುಕ್ ಮಾಡುತ್ತಿದ್ದೆವು. ಎರಡು ಸಲ ಅನ್ನ ಇಟ್ಟರೆ ಹನ್ನೊಂದು ಜನಕ್ಕೆ ಆಗುತ್ತಿತ್ತು. ಪುಳಿಯೋಗರೆ ಗೊಜ್ಜು ಕಲೆಸಿದರೆ ಬ್ರೆಜಿಲ್‌ನವರೂ ಬಟ್ಟಲು ನೆಕ್ಕುತ್ತಿದ್ದರು.

ಆದರೆ ರೈಲಿಗೆ ಗೆದ್ದದ್ದು ಖಡಕ್ ರೊಟ್ಟಿ. ಹುಬ್ಬಳ್ಳಿಯವನ ತಾಯಿ ಕಟ್ಟಿಕೊಟ್ಟ ಜೋಳದ ರೊಟ್ಟಿ ಎರಡು ತಿಂಗಳಾದರೂ ಏನೂ ಆಗಲಿಲ್ಲ. ಮೇಲೆ ಶೇಂಗಾ ಚಟ್ನಿಪುಡಿ, ಅದರ ಮೇಲೆ ಒಂದು ಚಮಚ ಮೊಸರು. ಮೊಸರಿನ ಬದಲು ಮೊದಲು ಕ್ವಾರ್ಕ್ (ಅಲ್ಲಿನ ಒಂದು ಮೃದು ಚೀಸ್) ಹಾಕಿ ನೋಡಿದೆವು, ಅಂಟಂಟು, ಮಜ್ಜಿಗೆ ಮಾಡಿದರೆ ನೀರೇ ಬೇರೆ, ಹಿಟ್ಟೇ ಬೇರೆ. 3.8 ಪರ್ಸೆಂಟ್ ಕೊಬ್ಬಿನ ನಾಟೂರ್‌ಯೋಗುರ್ಟ್ (ಏನೂ ಬೆರೆಸದ ಸಾದಾ ಮೊಸರು) ತಗೊಳ್ಳಿ, ಮನೆ ಮೊಸರಿಗೆ ಅದೇ ಹತ್ತಿರ. ತುಪ್ಪ, ಧಾರವಾಡ ಪೇಡ ಮಾತ್ರ ಊರಿಂದ ತರೋಕೆ ಹೋಗಬೇಡಿ. ಹಾಲಿನ ಪದಾರ್ಥ ಹೊರಗಿನಿಂದ ತರೋಕೆ ಯುರೋಪಿಯನ್ ಯೂನಿಯನ್ ಬಿಡಲ್ಲ.

ಆ ವರ್ಷ ಮೇ ತಿಂಗಳಲ್ಲಿ 1, 9, 20, 30 ನಾಲ್ಕೂ ದಿನ ಸ್ಟುಟ್‌ಗಾರ್ಟ್ ಕಡೆ ರಜೆ ಇತ್ತು. ಸುತ್ತಾಟಕ್ಕೆ ಹಬ್ಬ, ಆದರೆ ಅಂಗಡಿ ಎಲ್ಲ ಬಂದ್. ಹಿಂದಿನ ದಿನ ಸಂಜೆಯೇ ಸಾಮಾನು ತರುವ ಪಾಳಿ ಮಾಡಿದೆವು. ತೀರಾ ಕೈಕೊಟ್ಟರೆ ದೊಡ್ಡ ಸ್ಟೇಷನ್ ಒಳಗಿನ ಅಂಗಡಿ ತೆರೆದಿರುತ್ತೆ, ರೇಟು ಮಾತ್ರ ಜಾಸ್ತಿ. ಜೂನ್ ಮಧ್ಯದಿಂದ ಜುಲೈ ಮಧ್ಯದ ತನಕ ಯೂರೋ ಕಪ್ ಫುಟ್‌ಬಾಲ್. ಸ್ಟುಟ್‌ಗಾರ್ಟ್‌ನಲ್ಲೂ ಮ್ಯಾಚ್ ಇತ್ತು. ಇಪ್ಪತ್ತೈದರ ಹಾಸ್ಟೆಲ್ ಬೆಡ್ಡು ಐವತ್ತು ದಾಟಿತು. ಆ ತಿಂಗಳು ರಾತ್ರಿ ಉಳಿಯೋ ಟ್ರಿಪ್ ಎಲ್ಲ ಬಿಟ್ಟೆವು.

ಆ ಬಿಡುವಲ್ಲೇ ಸಂಜೆಯೊಳಗೆ ಬರೋ ಊರು ಹುಡುಕಿದೆವು. ಟ್ಯೂಬಿಂಗನ್ ಒಂದು ಗಂಟೆ ದಾರಿ. ನಮ್ಮ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಊರು. 1894ರ ಆ ನಿಘಂಟನ್ನು ಬರೆದವರ ಬೀದಿಗಳಲ್ಲಿ ನಾವು ಆರು ಜನ ಕನ್ನಡ ಮಾತಾಡುತ್ತಾ ನಡೆದೆವು. ಮೈಸೂರಿನ ಗೆಳತಿಗೆ ಕಣ್ಣು ತುಂಬಿ ಬಂತು. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ತೀರಿಕೊಂಡ ಎಸ್ಲಿಂಗನ್ ಇನ್ನೂ ಹತ್ತಿರ, ಎಸ್-ಬಾನ್ ಲೋಕಲ್ ರೈಲಲ್ಲಿ ಕಾಲು ಗಂಟೆ. ಯಾವ ಎಕ್ಸ್‌ಕರ್ಷನ್ ಪಟ್ಟಿಯಲ್ಲೂ ಇವು ಇರಲ್ಲ. ಕನ್ನಡದವರು ಹೋಗಲೇಬೇಕು.

ದುಡ್ಡಿನ ಲೆಕ್ಕಕ್ಕೆ ಮೊದಲು ಆ್ಯಪ್ ಇಟ್ಟಿದ್ದೆವು. ಒಂದು ಕಾಫಿ, ಒಂದು ಬಾಟಲಿ ನೀರಿಗೂ ಎಂಟ್ರಿ, ತಿಂಗಳ ಕೊನೆಗೆ ವಾದ. ಕೈಬಿಟ್ಟು ಕವರ್ ಪದ್ಧತಿಗೆ ಬಂದೆವು. ಮೂರು ದಿನದ ಟ್ರಿಪ್‌ಗೆ ತಲೆಗೆ ಎಂಬತ್ತು ಯೂರೋ ಮೊದಲೇ ಒಂದು ಕವರ್‌ಗೆ. ಅದರಲ್ಲಿ ಹಾಸ್ಟೆಲ್, ಅಕ್ಕಿ, ತರಕಾರಿ, ಬ್ರೆಡ್ ಎಲ್ಲ. ಕಾಫಿ, ಬಿಯರ್, ಮಾಂಸ ಅವರವರ ದುಡ್ಡು. ಒಮ್ಮೆ ಬಳಸೋ ಪ್ಲಾಸ್ಟಿಕ್ ಬಾಟಲಿ ಖಾಲಿಯಾದ ಮೇಲೆ ಹಿಂದಿರುಗಿಸಿದರೆ ಸಿಗೋ ಫಾಂಡ್ (ಠೇವಣಿ ದುಡ್ಡು), ಒಂದಕ್ಕೆ 25 ಸೆಂಟ್, ಕವರ್‌ಗೇ ವಾಪಸ್. ಕವರ್ ಹಿಡಿಯೋರು ಪ್ರತಿ ಟ್ರಿಪ್‌ಗೂ ಬದಲಾಗುತ್ತಿದ್ದರು. ಇದಾದ ಮೇಲೆ ದುಡ್ಡಿಗೆ ಜಗಳ ಅನ್ನೋದೇ ಬರಲಿಲ್ಲ.

ಟಿಕೆಟ್ ಸೇರಿಸಿ ಇಡೀ ಸೆಮಿಸ್ಟರ್‌ನ ಸುತ್ತಾಟಕ್ಕೆ ತಲೆಗೆ ಒಂಬೈನೂರು ಯೂರೋ ಒಳಗೇ ಆಯಿತು. ಇಬ್ಬಿಬ್ಬರೇ ಹೋದ ಬ್ಯಾಚ್‌ನವರು ನಮಗಿಂತ ಕಡಿಮೆ ಊರು ನೋಡಿ ಹೆಚ್ಚೂಕಡಿಮೆ ಎರಡರಷ್ಟು ಕೊಟ್ಟಿದ್ದಾರೆ. ಹ್ಯಾಂಬರ್ಗ್‌ನಲ್ಲಿ ಹನ್ನೊಂದು ಜನಕ್ಕೆ ಅಡುಗೆಮನೆ ಬಿಟ್ಟುಕೊಡೋ ಹಾಸ್ಟೆಲ್ ಯಾವುದು, ಶನಿವಾರದ ರೈಲಲ್ಲಿ ಗುಂಪಿಗೆ ಒಟ್ಟಿಗೇ ಸೀಟ್ ಸಿಗೋದು ಹೇಗೆ, ಇವೆರಡನ್ನು ಮಾತ್ರ ಇಲ್ಲಿ ಬರೆಯಲ್ಲ. ನಮ್ಮ ಕಾಲೇಜಿನ ಮುಂದಿನ ಬ್ಯಾಚ್‌ಗೆ ಅಂತ ಇಟ್ಟಿದ್ದೇವೆ.

ವಾಪಸ್ ಬರೋ ತಿಂಗಳು ಡಾಯ್ಚ್‌ಲಾಂಡ್ ಟಿಕೆಟ್ ಕ್ಯಾನ್ಸಲ್ ಮಾಡೋದು 10ನೇ ತಾರೀಖಿನೊಳಗೆ ಆಗಬೇಕು, ತಪ್ಪಿದರೆ ಇನ್ನೊಂದು ತಿಂಗಳ ದುಡ್ಡು ಕಟ್ ಆಗುತ್ತೆ. ಮತ್ತೆ ಕುಕ್ಕರ್‌ಗೆ ಗ್ಯಾಸ್ಕೆಟ್ ಎರಡು ಜಾಸ್ತಿ ತನ್ನಿ, ಅಲ್ಲಿ ಸರಿಯಾದ ಸೈಜ್ ಸಿಗೋದು ಕಷ್ಟ.