ಊರಿಂದ ಬಂದಿರೋ ಅಪ್ಪ ಅಮ್ಮನ್ನ ಹಾಟ್ ಟಬ್‌ನಲ್ಲಿ ಕೂರಿಸ್ತೀರಾ? ಇದನ್ನ ಓದಿ

ಅಮೆರಿಕದಲ್ಲಿ ನಮ್ಮ ಎಷ್ಟೋ ಜನರ ಅಪಾರ್ಟ್‌ಮೆಂಟ್‌ನಲ್ಲಿ ಹಾಟ್ ಟಬ್ ಇದ್ರೂ ಅಪ್ಪ ಅಮ್ಮ ಬಂದಾಗ ಆ ಕಡೆ ಕರ್ಕೊಂಡೇ ಹೋಗಲ್ಲ, ದಯವಿಟ್ಟು ಕರ್ಕೊಂಡ್ಹೋಗಿ. ಮಂಡಿ ನೋವು, ಸೊಂಟ ಹಿಡ್ಕೊಂಡಿರೋರಿಗೆ ನಿಜವಾಗ್ಲೂ ಹಾಯಾಗಿರುತ್ತೆ, ಯಾಕಂದ್ರೆ ಬಿಸಿಗೆ ರಕ್ತನಾಳ ಹಿಗ್ಗಿ ಬಿಗಿದಿರೋ ಸ್ನಾಯು ಸಡಿಲ ಆಗುತ್ತೆ, ಜೊತೆಗೆ ಮೈಭಾರನ ನೀರೇ ಹೊರೋದ್ರಿಂದ ಕೀಲುಗಳ ಮೇಲೆ ಒತ್ತಡ ಕಮ್ಮಿ, ಕಾಲು ಆಡ್ಸೋದೂ ಸುಲಭ. ಮಲಗೋಕೆ ಒಂದೆರಡು ಗಂಟೆ ಮುಂಚೆ ಕೂತ್ರೆ ಆಮೇಲೆ ಮೈ ತಣ್ಣಗಾಗ್ತಾ ನಿದ್ದೆನೂ ಬೇಗ ಹತ್ತುತ್ತೆ.

ಆದ್ರೆ ನೀರು 104 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 40 ಸೆಲ್ಸಿಯಸ್ ದಾಟಬಾರ್ದು, ವಯಸ್ಸಾದೋರಿಗೆ ಇನ್ನೂ ಸ್ವಲ್ಪ ಕಮ್ಮಿ ಇದ್ರೇ ಒಳ್ಳೇದು, 10-15 ನಿಮಿಷ ಸಾಕು. ಬಿಪಿ ಮಾತ್ರೆ ತಗೊಳ್ಳೋರು ದಿಢೀರ್ ಅಂತ ಎದ್ರೆ ತಲೆ ಸುತ್ತುತ್ತೆ, ಬಿಸಿ ನೀರಲ್ಲಿ ಬಿಪಿ ಇಳಿದಿರುತ್ತಲ್ಲ, ಕಂಬಿ ಹಿಡ್ಕೊಂಡು ನಿಧಾನವಾಗಿ ಏಳ್ಸಿ. ಶುಗರ್‌ನಿಂದ ಪಾದ ಜೋಮು ಹಿಡಿದಿದ್ರೆ ಬಿಸಿ ಗೊತ್ತೇ ಆಗ್ದೆ ಸುಟ್ಕೊಂಡ್ಬಿಡ್ತಾರೆ, ನೀವೇ ಮೊದ್ಲು ಕೈ ಹಾಕಿ ನೋಡಿ. ಹಾರ್ಟ್ ಪ್ರಾಬ್ಲಮ್ ಇರೋರು, ಬಸುರಿಯರು ಡಾಕ್ಟರ್‌ನ ಕೇಳ್ದೆ ಇಳೀಲೇಬೇಡಿ. ನೀರು ಮಬ್ಬಾಗಿ ಕಂಡ್ರೆ ಲೀಸಿಂಗ್ ಆಫೀಸಿಗೆ ಹೇಳಿ, ಅವತ್ತು ಬಿಟ್ಬಿಡಿ.