ಟೈಮ್ ಮಷಿನ್ ಬಗ್ಗೆ ವಾದಕ್ಕೆ ಇಳಿಯೋ ಮುಂಚೆ ಯೂನಿಟ್ ನೋಡ್ಕೊಳ್ಳಿ

ಸೈಫೈ ಸಿನಿಮಾ ನೋಡ್ಕೊಂಡ್ ಬಂದು ಫ್ರೆಂಡ್ಸ್ ಎಲ್ಲಾ ಕಾಫಿಗೆ ಕೂತಾಗ ಒಬ್ಬ "ಇದೆಲ್ಲಾ ಆಗೋ ಮಾತಾ" ಅಂತಾನೆ, ಇನ್ನೊಬ್ಬ "ಲೋ ಸಿನಿಮಾ ಕಣೋ, ಬಿಡೋ" ಅಂತಾನೆ, ಅಲ್ಲಿಗೆ ಒಂದೊಳ್ಳೆ ಮಾತು ಸತ್ತೋಯ್ತು. ನಂಗೆ ಈ "ಬಿಡೋ" ಅನ್ನೋದು ಕೇಳಿದ್ರೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ನಾನು ಫಿಸಿಕ್ಸ್ ಅಂತ ಸ್ವಲ್ಪ ಏನಾದ್ರೂ ಕಲ್ತಿದ್ರೆ ಕ್ಲಾಸಲ್ಲಿ ಕಲ್ತಿದ್ದಕ್ಕಿಂತ ಇಂಥ ವಾದದಲ್ಲಿ ಕಲ್ತಿದ್ದೇ ಜಾಸ್ತಿ. ಮೈಸೂರಲ್ಲಿ ನಮ್ ಗುಂಪು ವರ್ಷಗಟ್ಲೆ ಹಿಂಗೆ ಕೂತು ಮಾತಾಡಿ ಮಾತಾಡಿ ಒಂದು ಪದ್ಧತಿ ಮಾಡ್ಕೊಂಡಿದೆ, ಅದನ್ನೇ ಹೇಳ್ತೀನಿ.

ಮೊದಲನೇದು, ಯಾವ ಪ್ರಶ್ನೆಗೆ ವಾದ ಅಂತ ಮುಂಚೆನೇ ತೀರ್ಮಾನ ಮಾಡ್ಕೊಳ್ಳಿ. ನಮ್ ಲೋಕದಲ್ಲಿ ಇದು ಆಗುತ್ತಾ ಅನ್ನೋದು ಒಂದು ಪ್ರಶ್ನೆ, ಆ ಸಿನಿಮಾ ತಾನೇ ಹಾಕ್ಕೊಂಡಿರೋ ರೂಲ್ ಪ್ರಕಾರ ಇದು ಆಗುತ್ತಾ ಅನ್ನೋದು ಇನ್ನೊಂದು. 'ಸ್ಟಾರ್ ವಾರ್ಸ್' ಸಿನಿಮಾದ ಬೆಳಕಿನ ಕತ್ತಿ ಲೈಟ್‌ಸೇಬರ್ ತಗೊಳ್ಳಿ, ಬೆಳಕು ಮೂರಡಿ ಹೋಗಿ ಗಾಳೀಲಿ ನಿಲ್ಲಲ್ಲ, ಎರಡು ಟಾರ್ಚ್ ಬೆಳಕು ಒಂದಕ್ಕೊಂದು ಟಣ್ ಅಂತ ಬಡಿಯಲ್ಲ, ಹಂಗಾಗಿ ಮೊದಲನೇ ಪ್ರಶ್ನೆ ಅರ್ಧ ನಿಮಿಷದಲ್ಲಿ ಮುಗೀತು. ಆದ್ರೆ ಆ ಕಥೆಯೊಳಗೆ ಅದು ಏನನ್ನ ಕತ್ತರಿಸುತ್ತೆ, ಯಾವುದ್ರ ಮುಂದೆ ನಿಲ್ಲುತ್ತೆ ಅನ್ನೋದಕ್ಕೆ ಒಂದು ಸಂಜೆ ಪೂರ್ತಿ ಬೇಕು. ಇವೆರಡನ್ನ ಬೆರೆಸಿದ್ರೆ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಹಂಗಾಗುತ್ತೆ.

ಎರಡನೇದು ಲೆಕ್ಕ, ಇದೇ ನಂಗೆ ಎಲ್ಲಕ್ಕಿಂತ ಇಷ್ಟ. 1985ರ 'ಬ್ಯಾಕ್ ಟು ದ ಫ್ಯೂಚರ್' ಸಿನಿಮಾದಲ್ಲಿ ಟೈಮ್ ಮಷಿನ್ ಕಾರಿಗೆ 1.21 ಗಿಗಾವ್ಯಾಟ್, ಅಂದ್ರೆ 1210 ಮೆಗಾವ್ಯಾಟ್ ಬೇಕು, ಅದಕ್ಕೆ ನಮ್ ದೊಡ್ಡ ಗಡಿಯಾರದ ಥರ ಒಂದು ಗಡಿಯಾರ ಗೋಪುರಕ್ಕೆ ಸಿಡಿಲು ಬಡಿಯೋ ಹೊತ್ತಿಗೆ ಸರಿಯಾಗಿ ಅಲ್ಲಿಂದ ರಸ್ತೆಗೆ ತಂತಿ ಎಳ್ದು ಕರೆಂಟ್ ಕೊಡ್ತಾರೆ. ನಾನು ಇದನ್ನ ಹೇಳಿ, ಶಿವನಸಮುದ್ರದ ಪವರ್ ಹೌಸ್ 42 ಮೆಗಾವ್ಯಾಟ್, ಅಂಥವು ಇಪ್ಪತ್ತೊಂಬತ್ತು ಬೇಕಾಗುತ್ತೆ ಕಣ್ರೋ ಅಂತ ಜೋರಾಗಿ ಹೇಳ್ತಿದ್ದೆ. ಮಂಡ್ಯದ ಫ್ರೆಂಡ್ ಒಬ್ಬ, ಲೈನ್‌ಮ್ಯಾನ್ ಕೆಲಸ ಮಾಡೋನು, ಲೋಟ ಕೆಳಗಿಟ್ಟು "ಎಷ್ಟ್ ಹೊತ್ತು ಅಂತ ಹೇಳ್ಲಾ ಮೊದ್ಲು" ಅಂದ. ಯಾರೂ ಮಾತಾಡ್ಲಿಲ್ಲ. ಅವನು ಹೇಳಿದ್ದು ಸರಿ, ವ್ಯಾಟ್ ಅನ್ನೋದು ಕರೆಂಟ್ ಎಷ್ಟು ಜೋರಾಗಿ ಹರೀತಿದೆ ಅನ್ನೋದು, ಒಟ್ಟು ಎಷ್ಟು ಖರ್ಚಾಯ್ತು ಅನ್ನೋದು ಕರೆಂಟ್ ಬಿಲ್ಲಲ್ಲಿ ಬರೋ ಯೂನಿಟ್, ಸಾವಿರ ವ್ಯಾಟ್ ಒಂದು ಗಂಟೆ ಹರಿದ್ರೆ ಒಂದು ಯೂನಿಟ್. ಕಾಫಿ ಬಿಲ್ ಹಿಂದೆನೇ ಪೆನ್ನಲ್ಲಿ ಗೀಚಿದ್ವಿ: 1.21 ಗಿಗಾವ್ಯಾಟ್ ಒಂದು ಸೆಕೆಂಡ್ ಪೂರ್ತಿ ಹರಿದ್ರೆ ಸುಮಾರು 336 ಯೂನಿಟ್, ಅಂದ್ರೆ ಗೃಹಜ್ಯೋತೀಲಿ ತಿಂಗಳಿಗೆ ಸಿಗೋ 200 ಯೂನಿಟ್ ಮಿತೀನೂ ದಾಟುತ್ತೆ. ಅದೇ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಮಾತ್ರ ಹರಿದ್ರೆ ಒಂದು ಯೂನಿಟ್ಟಿನ ಮೂರನೇ ಒಂದು ಭಾಗ ಅಷ್ಟೇ, ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಇಪ್ಪತ್ತು ನಿಮಿಷ ಉರಿದಷ್ಟು! ಅದೇ ಟೈಮ್ ಮಷಿನ್, ಎಷ್ಟು ಹೊತ್ತು ಅನ್ನೋ ಒಂದು ಪ್ರಶ್ನೆಗೆ ಇಪ್ಪತ್ತೊಂಬತ್ತು ಪವರ್ ಹೌಸಿನ ಮಾತು ಒಂದು ಇಸ್ತ್ರಿ ಅಂಗಡಿಗೆ ಬಂದು ನಿಂತಿತ್ತು. ಹಂಗಾಗಿ ಯಾವುದೇ ನಂಬರ್ ಬಂದ್ರೆ ಮೊದ್ಲು ಯೂನಿಟ್ ಕೇಳಿ, ಅಂದ್ರೆ ಅದು ಯಾವುದ್ರ ಅಳತೆ ಅಂತ, ಆಮೇಲೆ ಅದನ್ನ ನಿಮ್ ಮನೇಲಿರೋ ಒಂದು ವಸ್ತುಗೆ ಇಳಿಸಿ ನೋಡಿ.

ಮೂರನೇದು, ಆಮೇಲೆ ಹಾಕಿದ ತೇಪೆನ ಲೆಕ್ಕಕ್ಕೆ ತಗೋಬೇಕಾ ಬೇಡ್ವಾ ಅನ್ನೋದು. 1977ರ 'ಸ್ಟಾರ್ ವಾರ್ಸ್'ನಲ್ಲಿ ಹಾನ್ ಸೋಲೋ ತನ್ನ ಹಡಗು ಹನ್ನೆರಡು ಪಾರ್ಸೆಕ್‌ಗಿಂತ ಕಮ್ಮೀಲಿ ಒಂದು ಓಟ ಮುಗಿಸ್ತು ಅಂತ ಕೊಚ್ಕೋತಾನೆ, ಆದ್ರೆ ಪಾರ್ಸೆಕ್ ದೂರದ ಅಳತೆ, ಸುಮಾರು 3.26 ಬೆಳಕಿನ ವರ್ಷ, ಟೈಮ್ ಅಲ್ವೇ ಅಲ್ಲ. 2018ರ 'ಸೋಲೋ' ಬಂದು ಅವನು ಅಪಾಯದ ಅಡ್ಡದಾರೀಲಿ ಹೋಗಿ ದೂರನೇ ಕಮ್ಮಿ ಮಾಡ್ದ ಅಂತ ತೋರಿಸ್ತು. ತೇಪೆ ಚೆನ್ನಾಗೇ ಇದೆ, ಆದ್ರೆ ನಲವತ್ತು ವರ್ಷ ಆದ್ಮೇಲೆ ಹೊಲಿದಿದ್ದು, ಹಂಗಾಗಿ ಹಳೇ ಸಿನಿಮಾ ಬಗ್ಗೆ ವಾದ ಆದ್ರೆ ನಾನು ಒಪ್ಪಲ್ಲ. ನೀವು ಒಪ್ಪಬಹುದು, ಆದ್ರೆ ಶುರು ಮಾಡೋ ಮುಂಚೆನೇ ಹೇಳ್ಬಿಡಿ.

ಕಥೆಗೆ ಒಂದು ಸುಳ್ಳು ಮಾಫಿ ಕೊಡಿ, ಒಂದೇ. 'ದ ಮಾರ್ಷಿಯನ್' ಶುರುವಾಗೋದೇ ಮಂಗಳ ಗ್ರಹದ ಬಿರುಗಾಳಿಯಿಂದ, ಅಲ್ಲಿನ ಗಾಳಿಯ ಒತ್ತಡ ಭೂಮೀದರಲ್ಲಿ ನೂರಕ್ಕೆ ಒಂದು ಭಾಗಾನೂ ಇಲ್ಲ, ರಾಕೆಟ್ ಬೀಳಿಸೋ ಶಕ್ತಿ ಅದಕ್ಕೆಲ್ಲಿ ಬರ್ಬೇಕು. ಆದ್ರೂ ಆ ಗಾಳಿ ಇಲ್ದಿದ್ರೆ ಹೀರೋ ಅಲ್ಲಿ ಒಬ್ಬನೇ ಉಳೀತಾನೇ ಇರ್ಲಿಲ್ಲ, ಕಥೆನೇ ಇಲ್ಲ, ಹಂಗಾಗಿ ಅದನ್ನ ನಾನು ಮನಸ್ಸಿಂದ ಬಿಟ್ಟಿದ್ದೀನಿ. ಇನ್ನು ಕೆಲವು ಸುಳ್ಳು ಅನ್ಸುತ್ತೆ, ಅಲ್ಲ. 'ಇಂಟರ್‌ಸ್ಟೆಲ್ಲಾರ್'ನಲ್ಲಿ ನೀರಿನ ಗ್ರಹದ ಒಂದು ಗಂಟೆ ಭೂಮೀಲಿ ಏಳು ವರ್ಷ ಅಂದ್ರೆ ಎಲ್ರೂ ನಗ್ತಾರೆ, ಆದ್ರೆ ಅದರ ಹಿಂದೆ ಕಿಪ್ ಥಾರ್ನ್ ಅನ್ನೋ ಫಿಸಿಕ್ಸ್ ವಿಜ್ಞಾನಿ ಲೆಕ್ಕ ಹಾಕಿದ್ರು, ಕಪ್ಪು ಕುಳಿ ಭಯಂಕರ ಸ್ಪೀಡಲ್ಲಿ ಸುತ್ತುತ್ತಿದ್ರೆ ಆಗುತ್ತೆ ಅಂತ. ಅವ್ರಿಗೆ 2017ರಲ್ಲಿ ಫಿಸಿಕ್ಸ್ ನೊಬೆಲ್ ಬಂತು, ಅದು ಗುರುತ್ವದ ಅಲೆ ಕಂಡುಹಿಡಿದಿದ್ದಕ್ಕೆ. ಹಂಗಾಗಿ ನಗೋ ಮುಂಚೆ ಒಂದ್ಸಲ ಹುಡುಕಿ ನೋಡಿ.

ಜಗಳ ಬಿಸಿ ಆದ್ರೆ ಮತ್ತೆ ಆ ಸೀನ್ ಒಂದನ್ನೇ ಹಾಕ್ಕೊಂಡ್ ನೋಡಿ, ಪೂರ್ತಿ ಸಿನಿಮಾ ಬೇಡ. ಅರ್ಧ ಸಲ ನೆನಪೇ ತಪ್ಪಿರುತ್ತೆ.

ಆವತ್ತು ರಾತ್ರಿ ಹನ್ನೊಂದೂವರೆಗೆ ನಮ್ ಲೈನ್‌ಮ್ಯಾನ್ ವಾಯ್ಸ್ ಮೆಸೇಜ್ ಹಾಕಿದ್ದ: "ಲೇ, ಗೋಪುರದಿಂದ ಎಳೆದವ್ರಲ್ಲಾ ಆ ತಂತಿ, ಅದು ಎಷ್ಟ್ ದಪ್ಪ ಇದ್ರೆ ಕರಗದೆ ಉಳೀತದೆ? ಭಾನುವಾರ ಬರ್ತೀನಿ, ಪೆನ್ ತಗೊಂಡ್ ಬಾ."